ಚೀಲದೊಳಗಿನ ಕ್ಯಾಮೆರಾ

ಕಮಲಾಪುರ
೧೮ ಜೂನ್ ೧೯೯೯

ಪ್ರೀತಿಯ ಇಕ್ಬಾಲ್,

ನಿನಗೆ ಬರೆದು ವರ್ಷದ ಮೇಲಾಯಿತು. ಬಕ್ರೀದ್‌ಗೆ ನೀನು ಕಳಿಸಿದ ಕಾರ್ಡಿಗೂ ಉತ್ತರ ಹಾಕಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಶಾಲೆ, ಅಡುಗೆ, ಮತ್ತೆ ಶಾಲೆ. ಕೈಗೆ ಪೆನ್ನು ಬಂದರೆ ಮಕ್ಕಳ ಉತ್ತರ ಪತ್ರಿಕೆ ತಿದ್ದುವುದರಲ್ಲೇ ಜೀವ ಹೈರಾಣಾಗುತ್ತದೆ.

ಈಗ ಬರೆಯುತ್ತಿರುವುದೂ ಒಂದು ಕೆಲಸಕ್ಕಾಗಿಯೇ. ನಿನ್ನ ಯಜಮಾನರು ಮಕ್ಬೂಲ್ ಶಾರ್ಜಾದಲ್ಲಿ ಟಿ.ವಿ., ಕ್ಯಾಮೆರಾ ಮಾರುವ ಅಂಗಡಿಯಲ್ಲಿದ್ದಾರಲ್ಲ, ಅವರನ್ನು ಕೇಳಿ ನನಗೊಂದು ವಿಡಿಯೋ ಕ್ಯಾಮೆರಾ ಆರಿಸಿಕೊಡು. ನಗಬೇಡ. ಮದುವೆಯಲ್ಲಿ ಹೆಗಲ ಮೇಲೆ ಹೊತ್ತು ತಿರುಗುತ್ತಾರಲ್ಲ, ಅಂಥದ್ದಲ್ಲ. ಕೈಚೀಲದಲ್ಲಿ ಹಿಡಿಯಬೇಕು. ಬಸ್ಸಿನ ಕಿಟಕಿ ಪಕ್ಕ ಕೂತು ತೆಗೆದರೆ ಪಕ್ಕದಲ್ಲಿ ಕೂತವಳಿಗೂ ಗೊತ್ತಾಗಬಾರದು. ಜನವರಿಯಲ್ಲಿ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ವಿಡಿಯೋದವನೊಬ್ಬ ಬಂದಿದ್ದ. ಅವನು ದೀಪ ಹಚ್ಚಿದ್ದೇ ತಡ, ಎಲ್ಲರೂ ತಲೆ ಸವರಿಕೊಂಡು ಕಟ್ಟಿಗೆಯ ಹಾಗೆ ನಿಂತುಬಿಟ್ಟರು. ನನಗೆ ಅಂಥ ನಿಲುವು ಬೇಡ. ರಸ್ತೆ ಇದ್ದ ಹಾಗೆ ಬೇಕು, ಜನ ಇದ್ದ ಹಾಗೆ ಬೇಕು.

ಪ್ರಯಾಣದಲ್ಲಿ ಬಳಸುವುದಕ್ಕೆ ಎಂದು ಹೇಳು, ಅವರಿಗೆ ಅರ್ಥವಾದೀತು. ನಮ್ಮವರು ಮನೆಯಲ್ಲೇ ಇದ್ದಾರೆ. ನಿನ್ನ ಮಕ್ಕಳು ಹೇಗಿದ್ದಾರೆ?

ನಿನ್ನ
ಮಥುರಾ


ಶಾರ್ಜಾ
೧೧ ಜುಲೈ ೧೯೯೯

ಪ್ರೀತಿಯ ಮಥುರಾ,

ನಿನ್ನ ಅಕ್ಷರ ನೋಡಿ ಮೊದಲು ಖುಷಿಯಾಯಿತು, ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನೀನು, ಶ್ರೀನಿವಾಸರಾಯರು ಊರೂರು ತಿರುಗುವವರಾದಿರಿ ಅನ್ನು. ನಾನು ಇಲ್ಲಿ ಎರಡು ಕೋಣೆಯಲ್ಲಿ ಎ.ಸಿ. ಸದ್ದು ಕೇಳುತ್ತ ಕೂತಿದ್ದೇನೆ. ಹೊರಗೆ ಕಾಲಿಟ್ಟರೆ ಬೆಂಕಿ.

ಶುಕ್ರವಾರ ಮಕ್ಬೂಲ್ ನನ್ನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಗಾಜಿನ ಮೇಲೆ ಮೂರು ಕ್ಯಾಮೆರಾ ಸಾಲಾಗಿ ಇಟ್ಟರು. ಮೊದಲನೆಯದರ ಕ್ಯಾಸೆಟ್ಟನ್ನು ತೆಗೆದು ಸೀದಾ ಮನೆಯ ವಿ.ಸಿ.ಆರ್.ಗೆ ಹಾಕಬಹುದು, ಆದರೆ ಅದು ಪ್ರೆಶರ್ ಕುಕ್ಕರಿನಷ್ಟಿದೆ. ನಿನ್ನ ಕೈಚೀಲ ಹರಿದೀತು. ಎರಡನೆಯದು ಎಂಟು ಮಿಲಿಮೀಟರಿನ ಟೇಪಿನದು. ಬೆಲೆ ಕಡಿಮೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಒಳಗಿನ ಮೋಟಾರು ಗುಂಯ್ ಅನ್ನುತ್ತದೆ, ಪಕ್ಕದವಳು ತಿರುಗಿ ನೋಡುವಷ್ಟು. ಮೂರನೆಯದು ಹೊಸದು, ಮಿನಿ ಡಿ.ವಿ. ಅನ್ನುತ್ತಾರೆ. ನಾವು ಕಾಲೇಜಿಗೆ ಒಯ್ಯುತ್ತಿದ್ದ ಪಾಕೆಟ್ ನಿಘಂಟಿನಷ್ಟೇ ಇದೆ. ಬಾಗಿಲು ತೆಗೆದ ಹಾಗೆ ಪಕ್ಕಕ್ಕೆ ಒಂದು ಸಣ್ಣ ಪರದೆ ತೆರೆದುಕೊಳ್ಳುತ್ತದೆ. ಕಣ್ಣಿಗೆ ಹಿಡಿಯಬೇಕಾಗಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೆಳಗೆ ನೋಡುತ್ತಲೇ ತೆಗೆಯಬಹುದು. ಮುಂದೆ ಒಂದು ಕೆಂಪು ದೀಪ ಹತ್ತುತ್ತದೆ, ಅದನ್ನು ಆರಿಸಿಡಬಹುದು. ಗುಂಡಿ ಒತ್ತಿದಾಗ ಬರುವ ಸದ್ದನ್ನೂ ನಿಲ್ಲಿಸಬಹುದು. ಬೆಳ್ಳಿ ಬಣ್ಣದ್ದು ಬಿಸಿಲಿಗೆ ಮಿಂಚುತ್ತದೆ, ಕಪ್ಪು ತಗೋ ಅನ್ನುತ್ತಾರೆ ಮಕ್ಬೂಲ್. ನನ್ನ ಮಾತು ಕೇಳುವುದಾದರೆ ಮೂರನೆಯದೇ. ಇದು ನನ್ನ ಉಡುಗೊರೆ, ಬೆಲೆ ಕೇಳಬೇಡ.

ಅದರ ಬದಲು ನೀನು ನನಗೊಂದು ಕೆಲಸ ಮಾಡಿಕೊಡು. ಗುಲಬರ್ಗಾಕ್ಕೆ ಹೋದಾಗ ಕೋಟೆ ಹತ್ತಿರ ನಮ್ಮ ಮನೆಗೆ ಹೋಗಿ ಅಮ್ಮಿಯ ವಿಡಿಯೋ ತೆಗೆದು ಕಳಿಸು. ಆಕೆಗೆ ಗೊತ್ತಾಗದ ಹಾಗೆ. ಒಳಗೆ ಹೊರಗೆ ಓಡಾಡುವುದು, ಯಾರನ್ನೋ ಬೈಯುವುದು, ಏನಾದರೂ ಸರಿ. ನಾನು ಊರು ಬಿಟ್ಟು ಆರು ವರ್ಷವಾಯಿತು.

ನಿನ್ನ
ಇಕ್ಬಾಲ್


ಕಮಲಾಪುರ
೨ ಆಗಸ್ಟ್ ೧೯೯೯

ಪ್ರೀತಿಯ ಇಕ್ಬಾಲ್,

ಊರೂರು ತಿರುಗುವುದು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಈ ಸಲ ಸುಮ್ಮನಿರಲಾಗಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಇವರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಗಿದೆ. ಮಾತು ನಿಧಾನಕ್ಕೆ ಬರುತ್ತದೆ, ಆಡಿದ್ದು ನನಗೆ ಮಾತ್ರ ತಿಳಿಯುತ್ತದೆ. ನಿನಗೆ ಬರೆಯಲಿಲ್ಲ, ಯಾಕೆಂದರೆ ಬರೆದರೆ ಅದು ಖಾಯಂ ಆಗಿಬಿಡುತ್ತದೇನೋ ಅನ್ನಿಸಿತ್ತು.

ಇವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದದ್ದು ನಿನಗೆ ಗೊತ್ತಲ್ಲ. ಗುಲಬರ್ಗಾದಿಂದ ಹುಮನಾಬಾದ್‌ವರೆಗಿನ ರಸ್ತೆಯ ಪ್ರತಿಯೊಂದು ಮೋರಿಯನ್ನೂ ತಮ್ಮ ಮಕ್ಕಳ ಹಾಗೆ ಗುರುತು ಹಿಡಿಯುತ್ತಾರೆ. ನಾನು ಔಷಧಕ್ಕೆಂದು ವಾರಕ್ಕೊಮ್ಮೆ ಗುಲಬರ್ಗಾಕ್ಕೆ ಹೋಗಿ ಬಂದ ಕೂಡಲೇ "ರಸ್ತಾ ಹೆಂಗ ಅದ?" ಎಂದು ಕೇಳುತ್ತಾರೆ. ಮೊದಮೊದಲು ಎಲ್ಲ ಹೇಳುತ್ತಿದ್ದೆ. ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿ ಲಾರಿ ಮಗುಚಿದೆ, ಮಹಾಗಾಂವ್ ಕ್ರಾಸಿನಲ್ಲಿ ಯಾವ ಹೊಸ ಹೋಟೆಲು ಬಂದಿದೆ. ಈಗ ಹೇಳಿ ಹೇಳಿ ದಣಿದಿದ್ದೇನೆ ಇಕ್ಬಾಲ್. ಇಡೀ ದಿನ ಶಾಲೆಯಲ್ಲಿ ಮಾತಾಡಿ ಬಂದವಳಿಗೆ ಮನೆಯಲ್ಲಿ ರಸ್ತೆಯನ್ನೂ ಮಾತಿನಲ್ಲೇ ಕಟ್ಟಿಕೊಡುವುದಕ್ಕೆ ಆಗುವುದಿಲ್ಲ. ಒಂದು ದಿನ "ಇದ್ದಲ್ಲೇ ಅದ ಬಿಡ್ರಿ" ಅಂದುಬಿಟ್ಟೆ. ಅವರು ಗೋಡೆ ಕಡೆ ಮುಖ ಮಾಡಿದರು. ಅದಕ್ಕೇ ಕ್ಯಾಮೆರಾ.

ಮೂರನೆಯದನ್ನೇ ಕಳಿಸು. ಎರಡು ಸಂದೇಹ. ತೂಕ ಎಷ್ಟು, ಒಂದೇ ಕೈಯಲ್ಲಿ ಹಿಡಿಯಬಹುದೇ? ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿಯಬೇಕಾಗುತ್ತದೆ. ವಿ.ಸಿ.ಆರ್. ಇಲ್ಲದೆ ನಮ್ಮ ಟಿ.ವಿ.ಗೆ ಹೇಗೆ ಹಾಕುವುದು?

ನಿನ್ನ ಅಮ್ಮಿ ನನಗೆ ಖಾಲಾ, ಚಿಕ್ಕಮ್ಮನಿದ್ದ ಹಾಗೆ; ಅವರನ್ನು ಗುಟ್ಟಾಗಿ ತೆಗೆಯುವುದರ ಬಗ್ಗೆ ನನಗೆ ಅಳುಕು. ರಸ್ತೆಯನ್ನು ಕೇಳದೆ ತೆಗೆಯಬಹುದು. ಬಾಯಿ ತುಂಬ "ಬೇಟಿ" ಎಂದು ಕರೆದು ಚಹಾ ಕೊಡುವವರನ್ನು? ಆಕೆಗೆ ಗೊತ್ತಾಗಬಾರದೇಕೆ, ಅದನ್ನಾದರೂ ಹೇಳು.

ನಿನ್ನ
ಮಥುರಾ


ಶಾರ್ಜಾ
೬ ಸೆಪ್ಟೆಂಬರ್ ೧೯೯೯

ಮಥುರಾ,

ನಿನ್ನ ಪತ್ರ ಓದಿ ಎರಡು ದಿನ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ. ಊರೂರು ತಿರುಗುತ್ತೀ ಅಂತ ಬರೆದ ಕೈ ನನ್ನದೇ. ಮಕ್ಬೂಲ್ ರಾಯರಿಗಾಗಿ ದುವಾ ಮಾಡಿದ್ದಾರೆ.

ಲಾಲ್ ಅಹ್ಮದ್ ಎಂಬ ನಮ್ಮೂರವರೊಬ್ಬರು ರಜೆಗೆ ಬರುತ್ತಿದ್ದಾರೆ, ಅವರ ಕೈಲಿ ಕಳಿಸಿದ್ದೇನೆ. ತೂಕ ಅರ್ಧ ಕಿಲೋ ಸುಮಾರು, ಒಂದೇ ಕೈಗೆ ಸಾಕು. ಹಳದಿ, ಬಿಳಿ ತುದಿಯ ವೈರು ಇಟ್ಟಿದ್ದೇನೆ. ಅದನ್ನು ಟಿ.ವಿ.ಗೆ ಸಿಕ್ಕಿಸಿ ಕ್ಯಾಮೆರಾದಿಂದಲೇ ನೋಡಬಹುದು. ಪರದೆ ತೆರೆದಿಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ, ಅದಕ್ಕೆ ಇನ್ನೊಂದು ಬ್ಯಾಟರಿ ಇದೆ. ದೂರದ್ದನ್ನು ಹತ್ತಿರ ತರುವ ಗುಂಡಿಯನ್ನು ಬಸ್ಸಿನಲ್ಲಿ ಮುಟ್ಟಬೇಡ, ನೋಡುವವರ ತಲೆ ತಿರುಗುತ್ತದೆ. ಕೆಂಪು ದೀಪವನ್ನು ನಾನೇ ಆರಿಸಿಟ್ಟಿದ್ದೇನೆ.

ಅದೇ ಪೆಟ್ಟಿಗೆಯಲ್ಲಿ ಅಮ್ಮಿಗೆ ಒಂದು ಶಾಲು ಇದೆ, ಬೂದು ಬಣ್ಣದ್ದು. ಕೊಟ್ಟುಬಿಡು. ಆಕೆಗೆ ಮೊದಲಿಂದಲೂ ಫೋಟೊ ಅಂದರೆ ಆಗುವುದಿಲ್ಲ, ಅದಕ್ಕೇ ಹಾಗೆ ಬರೆದೆ. ಬೇರೇನಿಲ್ಲ.

ಇಕ್ಬಾಲ್


ಕಮಲಾಪುರ
೨೪ ಅಕ್ಟೋಬರ್ ೧೯೯೯

ಪ್ರೀತಿಯ ಇಕ್ಬಾಲ್,

ಕ್ಯಾಮೆರಾ ಕೈ ಸೇರಿತು. ಕಪ್ಪಗೆ, ಸಣ್ಣಗೆ, ಚೀಲದಲ್ಲಿ ಇಟ್ಟರೆ ಇದ್ದದ್ದೇ ಮರೆತುಹೋಗುತ್ತದೆ. ಮೊದಲ ದಿನ ಗುಲಬರ್ಗಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸೆರಗಿನ ಮರೆಯಲ್ಲಿ ಹಿಡಿದುಕೊಂಡೆ. ಪಕ್ಕದಲ್ಲಿ ಬಾಳೆಗೊನೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದವಳು ದಾರಿಯುದ್ದಕ್ಕೂ ತನ್ನ ಸೊಸೆಯ ಕಥೆ ಹೇಳಿದಳೇ ಹೊರತು ಕೆಳಗೆ ನೋಡಲಿಲ್ಲ. ಮನೆಗೆ ಬಂದು ಟಿ.ವಿ.ಗೆ ಹಾಕಿದೆ. ತೊಗರಿ ಹೊಲ, ಡಾಂಬರು, ಎದುರಿಗೆ ಬರುವ ಲಾರಿ, ಅದರ ಮೇಲೆ ಆ ಸೊಸೆಯ ಕಥೆ.

ಇವರು ಸ್ವಲ್ಪ ಹೊತ್ತು ನೋಡಿ "ಸಾಕು" ಅಂದರು. ಇಷ್ಟಕ್ಕೇ ಅಲ್ಲವೇ ನಿನಗೂ ನಿಮ್ಮವರಿಗೂ ತ್ರಾಸು ಕೊಟ್ಟದ್ದು ಎಂದು ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದೆ. ಮರುದಿನ ಶಾಲೆಯಿಂದ ಬಂದಾಗ ಅವರೇ ಹೇಳಿದರು: "ಮಹಾಗಾಂವ್ ಕ್ರಾಸ್ ಇನ್ನೊಮ್ಮೆ ಹಾಕು. ಅಲ್ಲಿ ಮೋರಿ ಬಾಜೂಕ ನೀರು ನಿಂತದ. ಯಾರು ಮಾಡ್ಯಾರ ಆ ಕೆಲಸ?" ಸಿಟ್ಟಿನಿಂದ ಹೇಳಿದರು. ಇವರು ಸಿಟ್ಟಾಗಿ ವರ್ಷವಾಗಿತ್ತು. ನನಗೆ ಅಷ್ಟೇ ಸಾಕಾಯಿತು. ಈಗ ಪ್ರತಿ ವಾರ ಯಾವ ರಸ್ತೆ ತೆಗೆಯಬೇಕು ಎಂದು ಅವರೇ ಹೇಳುತ್ತಾರೆ. ಹೋದ ಭಾನುವಾರ ಚಿಂಚೋಳಿ ದಾರಿಗೆ ಹೋಗಿದ್ದೆ. ಸೊಂಟ ಹೋಯಿತು.

ಖಾಲಾ ಮನೆಗೂ ಹೋಗಿದ್ದೆ. ಆರಾಮಾಗಿದ್ದಾರೆ. ಶಾಲು ಕೊಟ್ಟೆ. ನಾನು ಒಯ್ದಿದ್ದ ನಮ್ಮೂರ ಕೆಂಪು ಬಾಳೆಹಣ್ಣನ್ನು ನಿನ್ನ ತಮ್ಮ ಇಮಾಮುದ್ದೀನನ ಮಕ್ಕಳಿಗೆ ಹಂಚಿದರು. ಕ್ಯಾಮೆರಾ ಮಾತ್ರ ಸರಿ ಬರಲಿಲ್ಲ, ಟೇಪಿನಲ್ಲಿ ಏನೂ ಮೂಡಿಲ್ಲ. ನನಗೆ ಇನ್ನೂ ಕೈ ಕುದುರಿಲ್ಲ. ಇನ್ನೊಮ್ಮೆ ನೋಡೋಣ.

ನಿನ್ನ
ಮಥುರಾ


ಶಾರ್ಜಾ
೧೫ ನವೆಂಬರ್ ೧೯೯೯

ಮಥುರಾ,

ಕುಲುಕುವ ಬಸ್ಸಿನಲ್ಲಿ ಚಿಂಚೋಳಿಯವರೆಗೆ ತೆಗೆದವಳಿಗೆ ನಮ್ಮ ಮನೆಯ ಪಡಸಾಲೆಯಲ್ಲಿ ಕೈ ಕುದುರಲಿಲ್ಲವೇ? ಆ ಕ್ಯಾಮೆರಾ ಆರಿಸಿದ್ದು ನಾನು. ಅದರ ಪ್ರತಿ ಗುಂಡಿಯೂ ನನಗೆ ಗೊತ್ತು. ಅಮ್ಮಿ ಏನೋ ಅಂದಿದ್ದಾಳೆ, ನೀನು ಮುಚ್ಚಿಡುತ್ತಿದ್ದೀ.

ಆಕೆ ಏನು ಅಂದಿರಬಹುದು ಎಂದು ನಾನೇ ಹೇಳುತ್ತೇನೆ. ನನಗೆ ಅಬ್ಬಾನಿಗಿಂತ ಗಂಡನ ನೌಕರಿ ದೊಡ್ಡದಾಯಿತು ಎಂದಿರಬೇಕು. ಅಬ್ಬಾ ತೀರಿಕೊಂಡು ನಾಲ್ಕು ವರ್ಷವಾಯಿತು. ಅಂದಿನಿಂದ ಅಮ್ಮಿ ನನ್ನ ಫೋನಿಗೆ ಬರುವುದಿಲ್ಲ. ನಾನು ಮಾಡಿದರೆ ಇಮಾಮುದ್ದೀನ್ "ನಮಾಜಿಗೆ ಕೂತಾಳ" ಅನ್ನುತ್ತಾನೆ. ಯಾವ ಹೊತ್ತಿಗೆ ಮಾಡಿದರೂ ನಮಾಜು. ಫೋಟೊ ಆಗುವುದಿಲ್ಲ ಎಂದದ್ದು ನಿಜವೇ, ಆದರೆ ನಿನಗೆ ಗುಟ್ಟಾಗಿ ತೆಗೆ ಎಂದದ್ದು ಅದಕ್ಕಲ್ಲ. ನನಗೆ ಕಳಿಸುವುದಕ್ಕೆ ಅಂದರೆ ಆಕೆ ಕೂರುವುದಿಲ್ಲ, ಅದು ನನಗೆ ಗೊತ್ತಿತ್ತು.

ಆಗ ಏನಾಯಿತೆಂದು ನಿನಗೂ ಹೇಳಿರಲಿಲ್ಲ. ಮಕ್ಬೂಲ್ ಮೊದಲು ಕೆಲಸ ಮಾಡುತ್ತಿದ್ದ ಅಂಗಡಿಯ ಮಾಲೀಕ ನಮ್ಮಿಬ್ಬರ ಪಾಸ್‌ಪೋರ್ಟನ್ನೂ ತನ್ನ ಹತ್ತಿರ ಇಟ್ಟುಕೊಂಡಿದ್ದ. ಅಂಗಡಿ ಮುಚ್ಚುವ ಜಗಳದಲ್ಲಿ ಅವು ಸಿಕ್ಕಿಕೊಂಡವು. ಅಬ್ಬಾ ತೀರಿಕೊಂಡ ಸುದ್ದಿ ಬಂದಾಗ ನಾವು ಹೋಗಿ ಅವನ ಬಾಗಿಲಲ್ಲಿ ಕೂತೆವು. ಅವನು ಹೊರಗೇ ಬರಲಿಲ್ಲ. ಪಾಸ್‌ಪೋರ್ಟು ಕೈಗೆ ಬರುವಷ್ಟರಲ್ಲಿ ನಲವತ್ತನೆಯ ದಿನದ ಚಾಲೀಸವಾ ಕೂಡ ಆಗಿಹೋಗಿತ್ತು. ಇಮಾಮುದ್ದೀನನಿಗೆ ಎಲ್ಲ ಹೇಳಿದ್ದೆ. ಮಗಳು ಪರದೇಶದಲ್ಲಿ ಸಿಕ್ಕಿಬಿದ್ದಾಳೆ ಎಂದರೆ ಅಮ್ಮಿ ಎದೆ ಒಡೆದುಕೊಳ್ಳುತ್ತಾಳೆ ಎಂದು ಅವನು "ರಜಾ ಸಿಗಲಿಲ್ಲ" ಎಂದುಬಿಟ್ಟ. ಆ ಎರಡು ಮಾತೇ ಆಕೆಯ ಮನಸ್ಸಿನಲ್ಲಿ ಕೂತುಬಿಟ್ಟವು. ಆಮೇಲೆ ನನಗೆ ಬರುವ ಧೈರ್ಯವಾಗಲಿಲ್ಲ. ಬಂದರೆ ಬಾಗಿಲಲ್ಲೇ ನಿಲ್ಲಿಸಿದರೆ ಏನು ಮಾಡಲಿ?

ಟೇಪು ಇದ್ದರೆ ಕಳಿಸು. ಬೈಗಳಿದ್ದರೂ ಇರಲಿ. ಆಕೆಯ ದನಿಯಾದರೂ ಕೇಳುತ್ತದೆ.

ಇಕ್ಬಾಲ್


ಕಮಲಾಪುರ
೬ ಡಿಸೆಂಬರ್ ೧೯೯೯

ಪ್ರೀತಿಯ ಇಕ್ಬಾಲ್,

ನೀನು ಊಹಿಸಿದ್ದು ಸರಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅಕ್ಟೋಬರಿನಲ್ಲಿ ಹೋದಾಗ ನೀನು ಹೇಳಿದಂತೆ ಕ್ಯಾಮೆರಾ ಚಾಲೂ ಮಾಡಿ, ಚೀಲದ ಬಾಯಿ ತೆರೆದು ಕಿಟಕಿಯ ಕಟ್ಟೆ ಮೇಲೆ ಇಟ್ಟೆ. ಶಾಲು ಕೊಟ್ಟು ನಿನ್ನ ಹೆಸರು ಹೇಳಿದೆ. ಖಾಲಾ ಕೈ ಹಿಂದಕ್ಕೆ ತೆಗೆದುಕೊಂಡರು. "ಆಕಿಗಿ ಹೇಳು, ಇಲ್ಲಿ ಯಾರಿಗೂ ಥಂಡಿ ಹತ್ತಿಲ್ಲ ಅಂತ. ಅಪ್ಪನ ಮಾರಿ ನೋಡಲಿಕ್ಕ ಬರಲಾರದಾಕಿ ಶಾಲು ಯಾಕ ಕಳಿಸ್ತಾಳ?" ಎಂದರು. ನಾನು ಶಾಲನ್ನು ಮಂಚದ ಮೇಲೆ ಇಟ್ಟು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಬಂದು ಚೀಲ ತೆಗೆದುಕೊಂಡು ಹೊರಟೆ. ಇದನ್ನು ನಿನಗೆ ಹೇಗೆ ಕಳಿಸಲಿ? ಅದಕ್ಕೇ ಸುಳ್ಳು ಬರೆದೆ.

ನಿನ್ನ ಪತ್ರ ಬಂದ ಮೇಲೆ ಆ ಟೇಪನ್ನು ಇವರಿಗೆ ತೋರಿಸಿದೆ. ಯಾರನ್ನಾದರೂ ಕೇಳಬೇಕಿತ್ತು, ನನಗೆ ಕೇಳಲು ಬೇರೆ ಯಾರಿದ್ದಾರೆ? ಖಾಲಾ ಬೈದದ್ದು ಮುಗಿಯಿತು, ನಾನು ಒಳಗೆ ಹೋದೆ. ನಾನು ಎದ್ದು ಟಿ.ವಿ. ಆರಿಸಹೋದರೆ ಇವರು ಎಡಗೈ ಎತ್ತಿ ತಡೆದರು. "ನಿಂದ್ರು. ಮುದುಕಿನ್ನ ನೋಡು."

ಪಡಸಾಲೆಯಲ್ಲಿ ಖಾಲಾ ಒಬ್ಬರೇ ಇದ್ದಾರೆ. ಒಳಬಾಗಿಲ ಕಡೆ ಒಮ್ಮೆ ನೋಡಿದರು. ಶಾಲು ಎತ್ತಿ ಮಡಿಲಿಗೆ ಹಾಕಿಕೊಂಡು, ಬಿಚ್ಚಿ, ಮುಖಕ್ಕೆ ಒತ್ತಿ ಹಿಡಿದುಕೊಂಡು ಕೂತರು. ತುಂಬ ಹೊತ್ತು. ನನ್ನ ಹೆಜ್ಜೆ ಸದ್ದಾದ ಕೂಡಲೇ ಇದ್ದ ಮಡಿಕೆಯಲ್ಲೇ ಮಡಚಿ ಮಂಚದ ಮೇಲೆ ಇಟ್ಟರು. ನಾನು ಆ ಮನೆಯಲ್ಲೇ ಇದ್ದೆ ಇಕ್ಬಾಲ್, ಏನೂ ಕಂಡಿರಲಿಲ್ಲ.

ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಆಕೆ ಯಾರಿಗೂ ತೋರಿಸದೆ ಇಟ್ಟುಕೊಂಡದ್ದನ್ನು ನಾವು ಗಂಡ ಹೆಂಡತಿ ಟಿ.ವಿ.ಯಲ್ಲಿ ನೋಡಿದ್ದೆವು. ಕಳಿಸಿಬಿಡಲೇ ಎಂದು ಕೇಳಿದೆ. ಇವರು ತಲೆ ಅಲ್ಲಾಡಿಸಿದರು. "ಆಕಿನ್ನ ಕೇಳು" ಅಂದರು.

ಹೋದ ಬುಧವಾರ ರಜೆ ಹಾಕಿ ಹೋದೆ. ಮೊದಲು ಪಾಸ್‌ಪೋರ್ಟಿನ ಸಂಗತಿ ಹೇಳಿದೆ. ನೀವಿಬ್ಬರೂ ಮಾಲೀಕನ ಬಾಗಿಲಲ್ಲಿ ಕೂತದ್ದನ್ನು ಹೇಳಿದೆ. ಖಾಲಾ ಇಮಾಮುದ್ದೀನನನ್ನು ಕರೆದರು. ಅವನು ಬಾಗಿಲಿಗೆ ಒರಗಿ ನಿಂತು, ಹೌದು ಅಮ್ಮಿ, ನಿಮ್ಮ ಜೀವಕ್ಕೆ ಹೆದರಿ ಹಾಗೆ ಹೇಳಿದೆ ಎಂದ. ಅಷ್ಟು ಹೇಳಿ ಹೊರಗೆ ಹೋದ.

ಆಮೇಲೆ ನಾನು ಕ್ಯಾಮೆರಾ ಹೊರಗೆ ತೆಗೆದು ಮಂಚದ ಮೇಲೆ ಇಟ್ಟು, ಹೋದ ಸಲ ಇದು ಚೀಲದಲ್ಲಿತ್ತು ಎಂದೆ. ಖಾಲಾಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಕೆಂಪಾಯಿತು. "ನನ್ನ ಮನ್ಯಾಗ ಬಂದು ಚೋರಿ ಮಾಡಿದಿ ಏನು, ಮಥುರಾ?" ಬೇಟಿ ಅನ್ನಲಿಲ್ಲ. ನಾನು ಹೌದು ಎಂದೆ. ಎದ್ದು ಹೋಗು ಅಂದರೆ ಹೋಗುವುದೆಂದು ಕೂತಿದ್ದೆ.

ತೋರಿಸು ಅಂದರು. ಸಣ್ಣ ಪರದೆ ತೆರೆದು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಣ್ಣಿನ ಹತ್ತಿರ ಹಿಡಿದು ತಮ್ಮನ್ನೇ ಪೂರ್ತಿ ನೋಡಿಕೊಂಡರು. "ಇಷ್ಟು ಮುದಿಕಿ ಆಗೀನಿ ಏನು ನಾ" ಎಂದು ತಮಗೇ ಹೇಳಿಕೊಂಡರು. ಆಮೇಲೆ, ಇದನ್ನು ಅಳಿಸಿಬಿಡು, ಅಳುವುದನ್ನು ಯಾರಿಗೂ ಕಳಿಸಬಾರದು ಎಂದು ಹೇಳಿ ಸೊಸೆಗೆ ಬುರ್ಖಾ ತರಲು ಹೇಳಿದರು. ಆಟೋದಲ್ಲಿ ಕೂತ ಮೇಲೆ ಕಬ್ರಸ್ತಾನದ ದಾರಿ ಹೇಳಿದರು.

ನಿಮ್ಮ ಮನೆಯ ಹೆಂಗಸರು ಒಳಗೆ ಹೋಗುವುದಿಲ್ಲವಂತೆ. ಗಿಡ್ಡ ಗೋಡೆಯ ಹೊರಗೆ ನಿಂತರು. ನಾನು ಟೇಪನ್ನು ಹಿಂದಕ್ಕೆ ಸುತ್ತಿ, ಪಡಸಾಲೆಯಲ್ಲಿ ತೆಗೆದದ್ದು ಅಳಿಸಿಹೋಗುವಂತೆ ಅದರ ಮೇಲೆಯೇ ಇದನ್ನು ತೆಗೆಯಲು ಶುರು ಮಾಡಿದೆ. ಈ ಸಲ ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದೆ. ಹೋಗುವ ಬರುವವರು ನೋಡಿದರು, ನೋಡಲಿ ಎಂದುಕೊಂಡೆ. ನನ್ನ ಮುಖ ಬೇಡ, ಕೈ ತೋರಿಸಿದ ಕಡೆ ತೆಗಿ ಎಂದರು ಖಾಲಾ. ಅಲ್ಲಿ ಬೇವಿನ ಮರದ ಬುಡದಲ್ಲಿ ನಿಮ್ಮ ಅಬ್ಬಾ ಬುರ್ಹಾನುದ್ದೀನ್ ಸಾಹೇಬರ ಗೋರಿ, ಈಚೆ ನಿಮ್ಮ ಅಜ್ಜಿಯದು. ಅಂದು ಯಾರು ಮಣ್ಣು ಕೊಟ್ಟರು, ಎಷ್ಟು ಬಿಸಿಲಿತ್ತು, ಮೇಲೆ ಹಾಸಿದ ಹೂವು ಯಾರ ತೋಟದ್ದು, ಎಲ್ಲ ಹೇಳಿದರು. ನೀನು ಪಕ್ಕದಲ್ಲಿ ನಿಂತಿದ್ದೀ ಅನ್ನುವ ಹಾಗೆ ಹೇಳಿದರು. ಕೊನೆಗೆ ಅಂದದ್ದು ಇಷ್ಟು: "ಬಾಜೂಕ ಆ ಖಾಲಿ ಜಾಗಾ ಅದಲ್ಲ, ಅದು ನಂದು. ಅದರಾಗ ಹೋಗೂಕಿಂತ ಮೊದಲ ಆಕಿ ಬರಬೇಕು. ಆಮ್ಯಾಲ ಬಂದರ ನನಗ ಗೊತ್ತಾಗೂದಿಲ್ಲ."

ಟೇಪನ್ನು ಲಾಲ್ ಅಹ್ಮದರ ಕೈಲಿ ಕಳಿಸುತ್ತಿದ್ದೇನೆ, ಅವರು ಇದೇ ವಾರ ಹೊರಡುತ್ತಾರೆ. ಶಾಲಿನ ಸಂಗತಿ ನಿನಗೆ ಬರೆಯುತ್ತೇನೆ ಎಂದು ಖಾಲಾಗೆ ಮೊದಲೇ ಹೇಳಿದ್ದೇನೆ. ಬೇಡ ಅನ್ನಲಿಲ್ಲ.

ಇವರ ಮಾತು ಈಗೀಗ ಮತ್ತೆ ತೊದಲುತ್ತಿದೆ. ಡಾಕ್ಟರು ಹೊಸ ಗುಳಿಗೆ ಬರೆದಿದ್ದಾರೆ. ನಾಳೆ ನಾನು ಹುಮನಾಬಾದ್ ಕಡೆ ಹೋಗಿ ತೆಗೆಯಬೇಕಂತೆ, ಅಲ್ಲಿ ಸೇತುವೆಗೆ ಕೈ ಹಾಕಿದ್ದಾರೆಂದು ಯಾರೋ ಹೇಳಿದ್ದಾರೆ. ಹೋಗುತ್ತೇನೆ.

ನಿನ್ನ
ಮಥುರಾ


ಶಾರ್ಜಾ
೨೦ ಜನವರಿ ೨೦೦೦

ಪ್ರೀತಿಯ ಮಥುರಾ,

ರಂಜಾನಿನ ನಡುವೆ ಟೇಪು ಬಂತು. ಈದ್ ಮುಗಿಯುವವರೆಗೆ ನೋಡುವ ಧೈರ್ಯವಾಗಲಿಲ್ಲ. ಆಮೇಲೆ ಮಕ್ಕಳು ಶಾಲೆಗೆ ಹೋದಾಗ ಮಕ್ಬೂಲ್ ಅಂಗಡಿಯಿಂದ ಒಂದು ಕ್ಯಾಮೆರಾ ತಂದು ಟಿ.ವಿ.ಗೆ ಹಚ್ಚಿಕೊಟ್ಟು, ತಾವು ಅಡುಗೆಮನೆಗೆ ಹೋದರು. ಅಬ್ಬಾನ ಜಾಗ ನೋಡಿದೆ. ಅಲ್ಲೇ ನೆಲದ ಮೇಲೆ ಕೂತು ಫಾತಿಹಾ ಓದಿದೆ. ನಾಲ್ಕು ವರ್ಷದಿಂದ ಓದುತ್ತಲೇ ಇದ್ದೆ, ಯಾವ ಕಡೆ ಮುಖ ಮಾಡಿ ಎಂದು ಮಾತ್ರ ಗೊತ್ತಿರಲಿಲ್ಲ.

ಕೊನೆಯಲ್ಲಿ ನೀನು ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದೀ. ಅಮ್ಮಿ ಆಟೋದ ಕಡೆ ನಡೆದುಹೋಗುವುದು ಬೆನ್ನ ಹಿಂದಿನಿಂದ ಬಂದಿದೆ. ಎಡಗಾಲು ಎಳೆದು ಹಾಕುತ್ತಾಳೆ. ಇದನ್ನು ನೀನೂ ಬರೆಯಲಿಲ್ಲ, ಇಮಾಮುದ್ದೀನನೂ ಹೇಳಲಿಲ್ಲ. ದಿನಾ ನೋಡುವವರಿಗೆ ಕಾಣುವುದಿಲ್ಲವೇನೋ. ಅದೊಂದನ್ನೇ ಹಿಂದಕ್ಕೆ ಸುತ್ತಿ ಸುತ್ತಿ ನೋಡಿದೆ.

ಮಾರ್ಚ್ ಮೊದಲ ವಾರ ಬರುತ್ತಿದ್ದೇನೆ. ಮಕ್ಬೂಲರಿಗೆ ನಿಜವಾಗಿಯೂ ರಜೆ ಸಿಗಲಿಲ್ಲ, ಮಕ್ಕಳನ್ನು ಕರೆದುಕೊಂಡು ನಾನೊಬ್ಬಳೇ. ಬೊಂಬಾಯಿವರೆಗೆ ವಿಮಾನ, ಅಲ್ಲಿಂದ ರೈಲು. ಎರಡು ದಿನ ಬಿಟ್ಟು ಕಮಲಾಪುರಕ್ಕೂ ಬರುತ್ತೇನೆ. ರಾಯರ ಪಕ್ಕ ಕೂತು ರಸ್ತೆ ನೋಡುತ್ತೇನೆ, ನೀನು ಆ ಹೊತ್ತು ಮಲಗಿಕೋ.

ಸ್ಟೇಷನ್ನಿಗೆ ಬರುತ್ತೇನೆ ಎಂದು ಇಮಾಮುದ್ದೀನ್ ಅಂದ. ಯಾರೂ ಬರುವುದು ಬೇಡ ಎಂದಿದ್ದೇನೆ. ಆಟೋ ಹಿಡಿದು ನಾವೇ ಮನೆಗೆ ಹೋಗುತ್ತೇವೆ. ಬಾಗಿಲನ್ನು ಅಮ್ಮಿಯೇ ತೆಗೆಯಲಿ. ಆ ಕಾಲಿನಲ್ಲಿ ಪಡಸಾಲೆ ದಾಟಿ ಬರುವುದಕ್ಕೆ ಹೊತ್ತಾಗುತ್ತದೆ. ಆಗಲಿ, ನಾನು ಹೊರಗೆ ನಿಂತಿರುತ್ತೇನೆ.

ನಿನ್ನ
ಇಕ್ಬಾಲ್